ಬಣ್ಣವನ್ನು ನಿರ್ಧರಿಸಿದ್ದು ರಿವೆಟ್ ಸಂದುಗಳು: ಹಳೆಯ ಲಾರಿಯೊಂದರ ಚಾಸಿಗೆ ತುಕ್ಕುನಿರೋಧಕ ಲೇಪನ ಆರಿಸಿದ ಪ್ರಕರಣ

ಹಿನ್ನೆಲೆ

ಅರವತ್ತು ವರ್ಷ ದಾಟಿದ ಒಂದು ಸಣ್ಣ ಲಾರಿ. ಯಾರದ್ದು, ಯಾವ ಕಂಪನಿಯದ್ದು, ಎಲ್ಲಿ ಕೆಲಸ ನಡೆಯಿತು ಎಂಬುದನ್ನು ಇಲ್ಲಿ ಬಿಟ್ಟಿದೆ. ಮಾಲೀಕರಿಗೆ ಅದು ಪ್ರದರ್ಶನದ ವಸ್ತುವಾಗಿ ನಿಲ್ಲುವುದು ಬೇಕಿರಲಿಲ್ಲ. ಮಳೆಯಲ್ಲೂ ಕೆಸರಲ್ಲೂ ಆಗಾಗ ಓಡಬೇಕು, ಇನ್ನು ಇಪ್ಪತ್ತು ವರ್ಷ ಚಾಸಿಯನ್ನು ಮತ್ತೆ ಬಿಚ್ಚುವಂತಾಗಬಾರದು ಎಂಬುದು ಅವರ ಬೇಡಿಕೆ.

ಚಾಸಿ ಏಣಿಯ ರೂಪದ್ದು. ಇಂಗ್ಲಿಷಿನ ಸಿ ಅಕ್ಷರದಂತೆ ಮಡಚಿದ, 5.2 ಮೀಟರ್ ಉದ್ದದ ಎರಡು ಸಿ ಚಾನೆಲ್‌ಗಳ ಎತ್ತರ 180 ಮಿಮೀ, ಫ್ಲ್ಯಾಂಜ್ (ಮೇಲೆ, ಕೆಳಗೆ ಚಾಚಿದ ಅಂಚುಪಟ್ಟಿ) ಅಗಲ 65 ಮಿಮೀ, ತಗಡಿನ ದಪ್ಪ 5.5 ಮಿಮೀ. ಅವೆರಡರ ನಡುವೆ ಐದು ಅಡ್ಡಪಟ್ಟಿಗಳನ್ನು, ಅಂದರೆ ಕ್ರಾಸ್ ಮೆಂಬರ್‌ಗಳನ್ನು, ರಿವೆಟ್ ಹೊಡೆದು ಕೂರಿಸಿದೆ. ಒಳಮೈ ಹೊರಮೈ ಸೇರಿಸಿ ಚಾನೆಲ್‌ಗಳದ್ದೇ ಸುಮಾರು 6.4 ಚದರ ಮೀಟರ್. ಕ್ರಾಸ್ ಮೆಂಬರ್, ಬ್ರ್ಯಾಕೆಟ್, ಸ್ಪ್ರಿಂಗ್ ಹ್ಯಾಂಗರ್‌ಗಳನ್ನೂ ಕೂಡಿದರೆ ಒಟ್ಟು 10 ಚದರ ಮೀಟರ್. ಮುಂದಿನ ಲೆಕ್ಕಗಳೆಲ್ಲ ಈ 10ರ ಮೇಲೆಯೇ ನಿಂತಿವೆ.

ಕಾರ್ಖಾನೆಯ ಕಪ್ಪು ಬಣ್ಣದ ಮೇಲೆ ಯಾರೋ ಹಿಂದೆ ದಪ್ಪಗೆ ಡಾಂಬರು ಜಾತಿಯ ಅಂಡರ್‌ಕೋಟ್ ಬಳಿದಿದ್ದರು. ಮೇಲಿಂದ ನೋಡಿದರೆ ಗಟ್ಟಿಮುಟ್ಟು. ಸ್ಕ್ರೇಪರ್ ಹಾಕಿ ಎಬ್ಬಿಸಿದಾಗ ಅಂಗೈಯಗಲದ ಹೊಪ್ಪಳೆಗಳು ಕಳಚಿಬಂದವು, ಹೊಪ್ಪಳೆಯ ಹಿಂಬದಿಗೆ ತುಕ್ಕು ಅಂಟಿಕೊಂಡೇ ಬಂತು. ಡಾಂಬರು ವರ್ಷಗಳುರುಳಿದಂತೆ ಬಿಗಿದು ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಇಂಥ ಚಾಸಿಯನ್ನು ಕೊಳ್ಳುವವರು ಅಂಡರ್‌ಕೋಟ್ ಇರುವುದನ್ನು ಒಳ್ಳೆಯ ಲಕ್ಷಣವೆಂದು ಭಾವಿಸಬಾರದು.

ಸಮಸ್ಯೆ ಎಲ್ಲಿತ್ತು

ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜ್‌ನಿಂದ ಅಳೆದಾಗ ಹೆಚ್ಚಿನ ಕಡೆ 5.2 ಮಿಮೀಗಿಂತ ಮೇಲೆಯೇ ಇತ್ತು. ಹಿಂದಿನ ತುದಿಯಲ್ಲಿ, ಕೆಸರು ಕೂರುವ ಕೆಳ ಫ್ಲ್ಯಾಂಜ್‌ನಲ್ಲಿ ಮಾತ್ರ 4.6ಕ್ಕೆ ಇಳಿದಿತ್ತು. ಲೋಹ ಉಳಿದಿದೆ ಎಂದಾಯಿತು. ಕಷ್ಟವಿದ್ದದ್ದು ಸಂದುಗಳಲ್ಲಿ.

ತಗಡಿನ ಮೇಲೆ ತಗಡು ಕೂತು ರಿವೆಟ್ ಬಿದ್ದ ಜಾಗಕ್ಕೆ ನೀರು ಎಳೆದುಕೊಂಡಂತೆ ಇಳಿಯುತ್ತದೆ. ಅಲ್ಲಿ ಹುಟ್ಟುವ ತುಕ್ಕು ತಾನು ತಿಂದ ಉಕ್ಕಿನ ಹಲವು ಪಟ್ಟು ಜಾಗ ಬೇಡುತ್ತದೆ, ಹೀಗಾಗಿ ಎರಡು ತಗಡುಗಳನ್ನು ಬೆಣೆ ಹೊಡೆದ ಹಾಗೆ ದೂಡುತ್ತದೆ. ಈ ಚಾಸಿಯ ಎರಡು ಸಂದುಗಳಲ್ಲಿ ರಿವೆಟ್‌ಗಳ ನಡುವಿನ ತಗಡು 3 ಮಿಮೀಯಷ್ಟು ಉಬ್ಬಿತ್ತು. ಪ್ರತಿ ರಿವೆಟ್ ತಲೆಯ ಒಂದು ಮಗ್ಗುಲಿಗೆ ಬೆರಳಿಟ್ಟು ಇನ್ನೊಂದು ಮಗ್ಗುಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಒಂಬತ್ತು ರಿವೆಟ್‌ಗಳು ಅಲುಗಿದವು. ಸಡಿಲ ರಿವೆಟ್‌ನ ಸುತ್ತ ಕೆಂಗಂದು ಪುಡಿಯ ಗೆರೆ ಇರುತ್ತದೆ. ಸುತ್ತಿಗೆಗೂ ಮೊದಲು ಕಣ್ಣಿಗೇ ಗೊತ್ತಾಗುತ್ತದೆ.

ಹಾಗಾಗಿ ಯಾವ ಬಣ್ಣ ಹೆಚ್ಚು ಬಾಳುತ್ತದೆ ಎಂದು ಕೇಳುವುದಕ್ಕಿಂತ ಮೊದಲು, ಸಂದಿನೊಳಗೆ ನಾವು ಎಷ್ಟರ ಮಟ್ಟಿಗೆ ಚೊಕ್ಕ ಮಾಡಬಲ್ಲೆವು ಎಂದು ಕೇಳಬೇಕಾಯಿತು.

ಕೈಬಿಟ್ಟ ಎರಡು ದಾರಿಗಳು

ಮಾಲೀಕರ ಮೊದಲ ಒಲವು ಪೌಡರ್ ಕೋಟಿಂಗ್ ಕಡೆಗಿತ್ತು. ನೋಟಕ್ಕೆ ಚೆಂದ, ಒಂದೇ ದಿನದ ಕೆಲಸ. ಅದನ್ನು ಬಿಡಲು ಮೂರು ಕಾರಣ. ಪುಡಿ ಸುಮಾರು 200 ಡಿಗ್ರಿಯಲ್ಲಿ ಬೇಯಬೇಕು. ಆಗ ಸಂದುಗಳಲ್ಲಿ ದಶಕಗಳಿಂದ ಇಂಗಿದ್ದ ಗ್ರೀಸು, ಎಣ್ಣೆ ಕರಗಿ ಹೊರಬಂದು ಅಂಚಿನುದ್ದಕ್ಕೂ ಗುಳ್ಳೆ ಏಳಿಸುತ್ತದೆ. ಎರಡನೆಯದು, ವಿದ್ಯುದಾವೇಶ ಪಡೆದ ಪುಡಿ ಚಾನೆಲ್‌ನ ಒಳಮೂಲೆಗಳಿಗೆ ಸರಿಯಾಗಿ ಹೋಗದೆ ಹೊರ ಅಂಚುಗಳಲ್ಲೇ ಕೂರುತ್ತದೆ. ಚಾಸಿ ತುಕ್ಕು ಹಿಡಿಯುವುದೇ ಆ ಒಳಮೂಲೆಯಲ್ಲಿ. ಮೂರನೆಯದು, ಕಲ್ಲು ಬಡಿದು ಪೌಡರ್ ಸಿಡಿದರೆ ನೀರು ಪದರದ ಅಡಿಯಲ್ಲೇ ತೆವಳುತ್ತದೆ, ಮತ್ತು ಅಷ್ಟಕ್ಕೆ ಮಾತ್ರ ತೇಪೆ ಹಾಕಿ ಮೊದಲಿನಂತೆ ಮಾಡಲಾಗುವುದಿಲ್ಲ.

ಬಿಸಿ ಸತುವಿನಲ್ಲಿ ಅದ್ದುವ ಗ್ಯಾಲ್ವನೈಸಿಂಗ್ ಇನ್ನೂ ಗಟ್ಟಿ ಉಪಾಯ. ಈ ದಪ್ಪದ ತಗಡಿಗೆ ಸರಾಸರಿ 70 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸತು ಕೂರಬೇಕೆಂದು ಗ್ಯಾಲ್ವನೈಸಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1461 ಹೇಳುತ್ತದೆ, ಆ ಸತು ಗೀರು ಬಿದ್ದರೂ ತಾನು ಕರಗಿ ಉಕ್ಕನ್ನು ಕಾಯುತ್ತದೆ. ಆದರೆ ಅದ್ದುವ ಮೊದಲು ಆಮ್ಲದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ರಿವೆಟ್ ಸಂದಿಗೆ ಹೊಕ್ಕ ಆಮ್ಲವನ್ನು ತೊಳೆದು ತೆಗೆಯಲು ಬರುವುದಿಲ್ಲ. ತಿಂಗಳುಗಳ ನಂತರವೂ ಅದು ಜಿನುಗುತ್ತದೆ. ಜೊತೆಗೆ ಸುಮಾರು 450 ಡಿಗ್ರಿಯ ಸತುವಿನಲ್ಲಿ ಇಷ್ಟುದ್ದದ ಚಾನೆಲ್ ಸೊಟ್ಟಗಾಗುವ ಭಯ. ಎಲ್ಲ ರಿವೆಟ್ ಬಿಚ್ಚಿ ಬಿಡಿಬಿಡಿಯಾಗಿ ಅದ್ದಿಸುವುದಾದರೆ ಆಮ್ಲದ ಮಾತು ಬೇರೆಯಾಗುತ್ತಿತ್ತು. ಹೇಗೂ ಬಿಚ್ಚಬೇಕಿದ್ದ ಎರಡನ್ನು ಬಿಟ್ಟು ಉಳಿದ ಮೂರು ಕ್ರಾಸ್ ಮೆಂಬರ್‌ಗಳು ಬಿಗಿಯಾಗಿ ಕೂತಿರುವಾಗ ಅವನ್ನೂ ಬಿಚ್ಚಿ, ಚಾಸಿಯ ಚೌಕ ತಪ್ಪಿಸಿಕೊಳ್ಳುವುದು ಬೇಡವೆಂದು ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನ.

ಹತ್ತು ವಾರಗಳ ಪರೀಕ್ಷೆ

ಉಳಿದವು ಬ್ರಷ್ಷಿನಲ್ಲೋ ಗನ್ನಿನಲ್ಲೋ ಹಚ್ಚುವ ಬಣ್ಣಗಳು. ಇಲ್ಲಿ ವಾದ ಮುಂದುವರಿಸುವ ಬದಲು, ತೀರಾ ತಿಂದುಹೋಗಿ ಬದಲಾಯಿಸಲೇಬೇಕಿದ್ದ ಒಂದು ಕ್ರಾಸ್ ಮೆಂಬರನ್ನು ಮೂರು ತುಂಡು ಮಾಡಿ ಪರೀಕ್ಷೆಗಿಟ್ಟರು.

ಮೊದಲ ತುಂಡಿಗೆ ಗ್ರೈಂಡರ್‌ನ ತಂತಿ ಬ್ರಷ್, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್, ಮೇಲೆ ಎರಡು ಕೋಟ್ ಮಾಮೂಲಿ ಚಾಸಿ ಬ್ಲ್ಯಾಕ್ ಎನಾಮೆಲ್. ಎರಡನೆಯದಕ್ಕೆ ಅದೇ ತಂತಿ ಬ್ರಷ್, ಮೇಲೆ ಗಾಳಿಯ ತೇವದಿಂದ ಗಟ್ಟಿಯಾಗುವ ಯೂರಿಥೇನ್ ಎರಡು ಕೋಟ್. ‘ತುಕ್ಕಿನ ಮೇಲೇ ಹಚ್ಚಿ’ ಎಂದು ಮಾರುವ ಜಾತಿಯದು. ಮೂರನೆಯದಕ್ಕೆ ಗಾರ್ನೆಟ್ ಬ್ಲಾಸ್ಟಿಂಗ್ (ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳನ್ನು ಗಾಳಿಯ ಒತ್ತಡದಲ್ಲಿ ಎರಚಿ ಉಕ್ಕನ್ನು ಕೆರೆಯುವುದು), ಜಿಂಕ್ ಫಾಸ್ಫೇಟ್ ಇರುವ ಟೂ ಪ್ಯಾಕ್, ಅಂದರೆ ಹಾರ್ಡನರ್ ಬೆರೆಸಿ ಹಚ್ಚುವ, ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಟೂ ಪ್ಯಾಕ್ ಪಾಲಿಯೂರಿಥೇನ್. ಮೂರರ ಮೇಲೂ ಉಕ್ಕು ಕಾಣುವಷ್ಟು ಆಳವಾಗಿ ಗುಣಾಕಾರದ ಗೀರೆಳೆದು, ದಿನಕ್ಕೆರಡು ಬಾರಿ ಉಪ್ಪುನೀರು ಚಿಮುಕಿಸಿ ಹತ್ತು ವಾರ ಬಯಲಲ್ಲಿಟ್ಟರು.

ಎನಾಮೆಲ್ ತುಂಡಿನ ಗೀರಿನಗುಂಟ ಮೂರನೇ ವಾರಕ್ಕೇ ಗುಳ್ಳೆಗಳೆದ್ದವು. ಇದು ಎಲ್ಲರೂ ಊಹಿಸಿದ್ದೇ.

ಕಲಿಸಿದ್ದು ಎರಡನೆಯ ತುಂಡು. ಕುಳಿಬಿದ್ದು ಒರಟಾಗಿದ್ದ ಜಾಗದಲ್ಲಿ ಯೂರಿಥೇನ್ ಕಚ್ಚಿ ಹಿಡಿದಿತ್ತು, ಉಳಿ ಹಾಕಿದರೂ ಏಳಲಿಲ್ಲ. ಪಕ್ಕದಲ್ಲೇ, ತಂತಿ ಬ್ರಷ್ ಉಜ್ಜಿ ಥಳಥಳ ಹೊಳೆಯುವಂತೆ ಮಾಡಿದ್ದ ನುಣುಪು ಉಕ್ಕಿನ ಮೇಲೆ ಅದೇ ಬಣ್ಣ ಉಗುರಿಗೆ ಸಿಕ್ಕು ಬಾಳೆಪಟ್ಟೆಯ ಹಾಗೆ ಉದ್ದಕ್ಕೆ ಸುಲಿದು ಬಂತು. ವೇಗವಾಗಿ ತಿರುಗುವ ತಂತಿ ಬ್ರಷ್ ಉಕ್ಕನ್ನು ಚೊಕ್ಕ ಮಾಡಿದಂತೆ ತೋರಿಸುತ್ತದೆ, ನಿಜದಲ್ಲಿ ಮೈಯನ್ನು ಪಾಲಿಶ್ ಮಾಡಿ, ಕುಳಿಗಳ ಬಾಯಿಗೆ ತುಕ್ಕನ್ನೇ ಮೆತ್ತಿಬಿಡುತ್ತದೆ. ಬಣ್ಣಕ್ಕೆ ಹಿಡಿತ ಬೇಕು. ಈ ಜಾತಿಯ ಯೂರಿಥೇನ್ ಬಿಸಿಲಿಗೆ ಮಂಕಾಗಿ ಪುಡಿಯಾಗುವುದೂ ಉಂಟು, ಆದ್ದರಿಂದ ಅದರ ಮೇಲೆ ಹೇಗೂ ಇನ್ನೊಂದು ಬಣ್ಣ ಬೇಕೇ ಬೇಕು.

ಮೂರನೆಯ ತುಂಡಿನಲ್ಲಿ ತುಕ್ಕು ಗೀರಿನಿಂದ ಆಚೀಚೆ 1 ಮಿಮೀ ಮಾತ್ರ ತೆವಳಿತ್ತು. ಬ್ಲಾಸ್ಟಿಂಗ್ ಮತ್ತು ಎಪಾಕ್ಸಿ ಎಂದು ನಿಶ್ಚಯವಾದದ್ದು ಈ ಹಂತದಲ್ಲಿ.

ಸತುಪುಡಿ ತುಂಬಿದ ಜಿಂಕ್ ರಿಚ್ ಎಪಾಕ್ಸಿಯನ್ನೇ ಚಾಸಿಗೆಲ್ಲ ಏಕೆ ಹಾಕಲಿಲ್ಲ? ಒಣಗಿದ ಪದರದ ತೂಕದಲ್ಲಿ ಕನಿಷ್ಠ ಶೇ. 80 ಸತು ಇರುವ ಈ ಪ್ರೈಮರ್ ಕೆಲಸ ಮಾಡುವುದು ಸತುವಿನ ಕಣಕ್ಕೂ ಉಕ್ಕಿಗೂ ನೇರ ಸಂಪರ್ಕ ಇದ್ದಾಗ ಮಾತ್ರ. ನಡುವೆ ತುಕ್ಕು ಉಳಿದರೆ ಅದೊಂದು ಮಾಮೂಲಿ ಪ್ರೈಮರ್, ಅಷ್ಟೆ. ಬಿಚ್ಚದ ಸಂದುಗಳ ಅಂಚಿನಲ್ಲಿ ಅಂಥ ಚೊಕ್ಕತನ ಸಿಗುವ ಭರವಸೆ ಇರಲಿಲ್ಲ. ಆದ್ದರಿಂದ ಪೂರ್ತಿ ತೆರೆದ ಎರಡು ಸಂದುಗಳ ಒಳಮುಖಗಳಿಗೆ ಮಾತ್ರ ಜಿಂಕ್ ರಿಚ್, 40 ಮೈಕ್ರಾನ್. ಉಳಿದೆಡೆ ಜಿಂಕ್ ಫಾಸ್ಫೇಟ್ ಎಪಾಕ್ಸಿ ಎಂದು ಹಂಚಿದರು.

ಬ್ಲಾಸ್ಟಿಂಗ್, ಮತ್ತು ಮರುದಿನದ ಕಪ್ಪು ಚುಕ್ಕೆಗಳು

ಮೊದಲು ಡಿಗ್ರೀಸರ್ ಹಾಕಿ ತೊಳೆಯುವುದು. ಇದನ್ನು ಬಿಟ್ಟರೆ ಬ್ಲಾಸ್ಟಿಂಗ್ ಎಣ್ಣೆಯನ್ನು ತೆಗೆಯುವುದಿಲ್ಲ, ಉಕ್ಕಿನೊಳಕ್ಕೆ ಬಡಿಯುತ್ತದೆ. ಸಡಿಲವಾಗಿದ್ದ ಒಂಬತ್ತು ರಿವೆಟ್‌ಗಳನ್ನು, ಉಬ್ಬಿದ ಸಂದುಗಳ ಉಳಿದ ರಿವೆಟ್‌ಗಳನ್ನೂ ಡ್ರಿಲ್ ಹಾಕಿ ತೆಗೆದು, ತೂತುಗಳನ್ನು ರೀಮರ್‌ನಿಂದ ಸರಿಪಡಿಸಿದರು. ಆ ಜಾಗಗಳಿಗೆ ಆಡದಂತೆ ಬಿಗಿಯಾಗಿ ಕೂರುವ, ಹೆಚ್ಚು ಬಲದ 10.9 ದರ್ಜೆಯ ಬೋಲ್ಟ್ ಮತ್ತು ಲಾಕ್ ನಟ್. ಫ್ಲ್ಯಾಂಜ್‌ನ ಚೂಪು ಅಂಚುಗಳನ್ನೆಲ್ಲ 2 ಮಿಮೀ ತ್ರಿಜ್ಯಕ್ಕೆ ಉರುಟು ಮಾಡಿದರು. ಚಾಸಿ ನಂಬರ್ ಕೊರೆದ ಜಾಗದ ಮೇಲೆ ದಪ್ಪ ರಬ್ಬರ್ ಹಾಳೆ ಕಟ್ಟಿ, ಆ ಅಂಗೈಯಗಲವನ್ನು ಕೈಯಲ್ಲೇ ಚೊಕ್ಕ ಮಾಡಿದರು. ಸವೆದ ಅಂಕಿ ಮೇಲೆ ಗಾರ್ನೆಟ್ ಬಿದ್ದರೆ ಅದು ಅಳಿಸಿಯೇ ಹೋಗಬಹುದು, ದಾಖಲೆಯಲ್ಲಿ ಅದಕ್ಕೆ ಪರ್ಯಾಯವಿಲ್ಲ.

ಬ್ಲಾಸ್ಟಿಂಗ್ ಗುರಿ ಎಸ್‌ಎ 2½, ಅಂದರೆ ತುಕ್ಕು, ಹಳೆಯ ಬಣ್ಣದ ಮಸುಕು ಕಲೆಗಳಷ್ಟೇ ಉಳಿಯುವ ಚೊಕ್ಕತನದ ದರ್ಜೆ; ಒರಟು 50ರಿಂದ 75 ಮೈಕ್ರಾನ್. ಹೊಳೆಮರಳನ್ನು ಬಳಸಲಿಲ್ಲ, ಅದರ ಸಿಲಿಕಾ ದೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಸೋಡಾ ಬ್ಲಾಸ್ಟಿಂಗ್‌ನಿಂದ ಉಕ್ಕಿಗೆ ಒರಟು ಬರುವುದಿಲ್ಲ.

ಸಂಜೆ ಚಾಸಿ ಬೂದು ಬಿಳುಪಾಗಿ ನಿಂತಿತ್ತು. ಬೆಳಿಗ್ಗೆ ನೋಡಿದರೆ ಹಿಂದಿನ ತುದಿಯ ಕುಳಿಗಳಲ್ಲಿ ಮಾತ್ರ ಕಪ್ಪು ಚುಕ್ಕೆಗಳು. ಬೇರೆಡೆ ಇಲ್ಲ. ಕೆಲಸಗಾರರು ಥಿನ್ನರ್‌ನಲ್ಲಿ ಒರೆಸಿ ಪ್ರೈಮರ್ ಹೊಡೆಯಲು ಸಿದ್ಧರಾಗಿದ್ದರು. ಹಾಗೆ ಮಾಡಿದ್ದರೆ ಇಡೀ ಶ್ರಮ ಅಲ್ಲಿಗೇ ಹಾಳಾಗುತ್ತಿತ್ತು. ರಾತ್ರಿಯ ತೇವದಿಂದ ಬಂದ ತುಕ್ಕಾಗಿದ್ದರೆ ಇಡೀ ಮೈಗೆ ತೆಳುವಾದ ಕಂದು ಹರಡಿರಬೇಕಿತ್ತು. ಕುಳಿಯಲ್ಲಷ್ಟೇ ಚುಕ್ಕೆ ಬಿದ್ದಿದೆಯೆಂದರೆ ಅದರ ತಳದಲ್ಲಿ ಉಪ್ಪು, ಅಂದರೆ ಕ್ಲೋರೈಡ್, ಉಳಿದಿದೆ ಎಂದು ಅರ್ಥ. ಥಿನ್ನರ್‌ಗೆ ಉಪ್ಪು ಕರಗುವುದಿಲ್ಲ. ಅದರ ಮೇಲೆ ಎಪಾಕ್ಸಿ ಹಚ್ಚಿದರೆ, ಉಪ್ಪು ಪದರದ ಮೂಲಕ ನೀರನ್ನು ಎಳೆದುಕೊಂಡು ಕೆಲವೇ ತಿಂಗಳಲ್ಲಿ ಗುಳ್ಳೆ ಏಳಿಸುತ್ತದೆ. ಕೆಲಸ ನಿಲ್ಲಿಸಿ, ಶುದ್ಧ ನೀರನ್ನು ಹೆಚ್ಚಿನ ಒತ್ತಡದಲ್ಲಿ ಹಾಯಿಸಿ ತೊಳೆದು, ಗಾಳಿ ಊದಿ ಒಣಗಿಸಿ, ಆ ತುದಿಯನ್ನು ಮತ್ತೆ ಬ್ಲಾಸ್ಟ್ ಮಾಡಿದರು. ಮರುದಿನ ಮತ್ತೆ ನಾಲ್ಕಾರು ಚುಕ್ಕೆ. ಎರಡನೇ ಸಲ ತೊಳೆದು ಬ್ಲಾಸ್ಟ್ ಮಾಡಿದ ಮೇಲೆ ಒಂದೂ ಮೂಡಲಿಲ್ಲ. ಎರಡು ದಿನ ಹೋಯಿತು. ಈ ಪ್ರಕರಣದಲ್ಲಿ ಇದಕ್ಕಿಂತ ಲಾಭದ ಎರಡು ದಿನಗಳಿರಲಿಲ್ಲ.

ಎಪಾಕ್ಸಿ ಹಚ್ಚಿದ ಬಗೆ

ಬಳಸಿದ ಪ್ರೈಮರ್‌ನ ಗಟ್ಟಿ ಅಂಶ ಗಾತ್ರದಲ್ಲಿ ಶೇ. 60. ಒಣಗಿದ ಮೇಲೆ 75 ಮೈಕ್ರಾನ್ ಉಳಿಯಬೇಕಾದರೆ ಹಸಿಯಲ್ಲಿ 125 ಮೈಕ್ರಾನ್ ಇರಬೇಕು. ಶೇ. 10 ಥಿನ್ನರ್ ಬೆರೆಸಿದರೆ ಹಸಿ ಅಳತೆ 138ಕ್ಕೆ ಏರುತ್ತದೆ. ಬಹಳ ಮಂದಿ ಇದನ್ನು ಮರೆತು ತೆಳ್ಳಗೆ ಹೊಡೆಯುತ್ತಾರೆ. 10 ಚದರ ಮೀಟರಿಗೆ ಲೆಕ್ಕದ ಪ್ರಕಾರ 1.25 ಲೀಟರ್ ಸಾಕು. ಆದರೆ ಚಾಸಿಯಂಥ ಸಂದುಗೊಂದಿನ ವಸ್ತುವಿಗೆ ಗನ್ ಹಿಡಿದರೆ ಶೇ. 40ರಷ್ಟು ಗಾಳಿಪಾಲು. ಒಂದು ಕೋಟ್‌ಗೆ 2.1 ಲೀಟರ್ ಹಿಡಿದರು. ಮೊದಲ ಕೋಟ್ ಕೆಂಗಂದು, ಎರಡನೆಯದು ಬೂದು: ತಪ್ಪಿಹೋದ ಜಾಗ ತಾನೇ ಕಾಣಿಸಬೇಕು.

ಮೊದಲ ಕೋಟ್ ಒಣಗಿದಾಗ ಗೇಜ್ ಹಿಡಿದು ನೋಡಿದರೆ ಸಪಾಟು ಜಾಗದಲ್ಲಿ 80–90 ಮೈಕ್ರಾನ್, ಫ್ಲ್ಯಾಂಜ್‌ನ ಅಂಚಿನ ಬಳಿ 30. ಹಸಿ ಬಣ್ಣ ಅಂಚಿನಿಂದ ಹಿಂದಕ್ಕೆ ಸರಿಯುವುದು ಅದರ ಸ್ವಭಾವ. ಅಂಚು, ರಿವೆಟ್ ತಲೆ, ತೂತುಗಳ ಬಾಯಿಗೆ ಬ್ರಷ್‌ನಿಂದ ಬೇರೆಯಾಗಿ ಒಂದು ಕೋಟ್ ಕೊಟ್ಟ ಮೇಲೆಯೇ ಗನ್ ಹಿಡಿಯಬೇಕೆಂಬ ಕ್ರಮ ಇರುವುದು ಇದಕ್ಕೇ. ಇಲ್ಲಿ ಅದನ್ನು ತಡವಾಗಿ, ಎರಡು ಕೋಟ್‌ಗಳ ನಡುವೆ ಮಾಡಿದರು. ಗನ್‌ಗಿಂತ ಬ್ರಷ್ಷೇ ಬಣ್ಣವನ್ನು ರಿವೆಟ್‌ನ ಬುಡಕ್ಕೆ ಒತ್ತಿ ತುಂಬುತ್ತದೆ.

ದೊಡ್ಡ ಎಡವಟ್ಟು ಎರಡನೇ ಕೋಟ್‌ನಲ್ಲಿ. ಹಿಂದಿನ ಅರ್ಧ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಗಾಳಿ 27 ಡಿಗ್ರಿ, ಆರ್ದ್ರತೆ ಶೇ. 85, ಇದರ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಸುಮಾರು 24. ಉಕ್ಕು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಅಳೆದದ್ದು ಗಾಳಿಯನ್ನು, ಉಕ್ಕನ್ನಲ್ಲ. ಬಯಲಿಗೆ ಮೈಯೊಡ್ಡಿದ ಚಾಸಿ ಸಂಜೆ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಬೆಳಿಗ್ಗೆ ಬಣ್ಣದ ಮೇಲೆ ಮೇಣದಂಥ ಜಿಡ್ಡು. ಎಪಾಕ್ಸಿಯ ಅಮೈನ್ ಹಾರ್ಡನರ್ ತೇವದೊಂದಿಗೆ, ಗಾಳಿಯ ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿ ಕಟ್ಟುವ ಪದರ ಅದು. ಮೂಲೆಯೊಂದರಲ್ಲಿ ಅದರ ಮೇಲೇ ಪಾಲಿಯೂರಿಥೇನ್ ಹಚ್ಚಿ ಎರಡು ದಿನ ಬಿಟ್ಟು ಟೇಪ್ ಅಂಟಿಸಿ ಎಳೆದಾಗ ಬಣ್ಣ ಟೇಪಿನೊಂದಿಗೇ ಬಂತು.

ಇದನ್ನು ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಉಗುರುಬೆಚ್ಚಗಿನ ನೀರು ಮತ್ತು ಉಜ್ಜುವ ಪ್ಯಾಡ್‌ನಿಂದ ತೊಳೆಯಬೇಕು. ಆ ಜಿಡ್ಡು ನೀರಿಗೆ ಬಿಡುತ್ತದೆ. ಒಣಗಿದ ಮೇಲೆ ಎಮೆರಿ. ಮೊದಲೇ ಎಮೆರಿ ಹಾಕಿದರೆ ಜಿಡ್ಡನ್ನು ಬಣ್ಣದೊಳಕ್ಕೆ ತೀಡಿದಂತಾಗುತ್ತದೆ. ಹೀಗೆ ತೊಳೆದು, 180 ನಂಬರ್ ಎಮೆರಿಯಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಹಿಂದಿನ ಅರ್ಧಕ್ಕೆ ಮತ್ತೆ ತೆಳು ಕೋಟ್ ಕೊಟ್ಟು, ಮೇಲೆ 50 ಮೈಕ್ರಾನ್ ಪಾಲಿಯೂರಿಥೇನ್ ಹೊಡೆದರು. ಇದರ ಹಾರ್ಡನರ್‌ನಲ್ಲಿ ಉಸಿರಿಗೆ ಅಪಾಯಕರವಾದ ಐಸೊಸೈನೇಟ್ ಎಂಬ ರಾಸಾಯನಿಕ ಇದೆ. ಬಟ್ಟೆ ಮಾಸ್ಕ್ ಉಪಯೋಗಕ್ಕಿಲ್ಲ, ಹೊರಗಿನಿಂದ ಶುದ್ಧ ಗಾಳಿ ಹಾಯಿಸುವ ಮಾಸ್ಕ್ ಬೇಕು.

ಒಟ್ಟು ಪದರ 200 ಮೈಕ್ರಾನ್ ಆಸುಪಾಸು. ಇನ್ನೂ ದಪ್ಪ ಮಾಡುವ ಆಸೆಯನ್ನು ತಡೆದದ್ದು ಒಳ್ಳೆಯದಾಯಿತು. ಏಣಿ ಚಾಸಿ ಓಡುವಾಗ ತಿರುಚಿಕೊಳ್ಳುತ್ತದೆ, ದಪ್ಪ ಗಟ್ಟಿ ಪದರ ಸಂದಿನ ಗೆರೆಯಲ್ಲೇ ಸೀಳುತ್ತದೆ.

ಸಂದುಗಳಿಗೆ ಮೇಣ

ಬಿಚ್ಚಿ ಕೂಡಿಸಿದ ಎರಡು ಸಂದುಗಳ ಅಂಚಿಗೆ ಸುತ್ತಲೂ ಪಾಲಿಯೂರಿಥೇನ್ ಸೀಲರ್ ಬಿತ್ತು. ಬಿಚ್ಚದ ಸಂದುಗಳಿಗೆ ಸೀಲರ್ ಹಾಕಲಿಲ್ಲ. ಒಳಗೆ ತುಕ್ಕು ಉಳಿದಿರುವ ಸಂದಿನ ಬಾಯಿ ಮುಚ್ಚಿದರೆ ತೇವವನ್ನು ಒಳಗೆ ಕೂಡಿಹಾಕಿದಂತೆ, ಹಳೆಯ ಡಾಂಬರಿನ ತಪ್ಪೇ ಮರುಕಳಿಸುತ್ತದೆ. ಬಣ್ಣಕ್ಕೆ ಏಳು ದಿನ ಬಿಟ್ಟು, ಹೀಟ್ ಗನ್‌ನಿಂದ ಸಂದನ್ನು 50–60 ಡಿಗ್ರಿಗೆ ಬೆಚ್ಚಗೆ ಮಾಡಿ, ತೆಳುವಾಗಿ ಹರಿಯುವ ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣ ಹಾಯಿಸಿದರು. ಅದು ಕೆಳ ಅಂಚಿನಿಂದ ಜಿನುಗುವವರೆಗೆ ಹಾಕಿ, ಮೇಲೆ ದಪ್ಪ ವ್ಯಾಕ್ಸ್. ವ್ಯಾಕ್ಸ್ ಯಾವಾಗಲೂ ಕಡೆಯ ಕೆಲಸ. ಒಮ್ಮೆ ಬಿದ್ದ ಕಡೆ ಮತ್ತೆ ಬಣ್ಣ ಹಿಡಿಯುವುದಿಲ್ಲ.

26 ತಿಂಗಳ ನಂತರ

ಸಪಾಟು ಮೈ, ಅಂಚು, ಉಪ್ಪು ತೊಳೆದ ಹಿಂದಿನ ತುದಿ ಎಲ್ಲವೂ ಚೊಕ್ಕ. ಮುಂದಿನ ಚಕ್ರಗಳ ಹಿಂದೆ ಕಲ್ಲು ಬಡಿದು ಹತ್ತಾರು ಕಡೆ ಮೇಲಿನ ಕಪ್ಪು ಪಾಲಿಯೂರಿಥೇನ್ ಹಾರಿತ್ತು, ಬೂದು ಎಪಾಕ್ಸಿ ಮಾತ್ರ ಉಳಿದಿತ್ತು. ತುಕ್ಕು ತೆವಳಿರಲಿಲ್ಲ.

ಬಿಚ್ಚದ ಒಂದು ಸಂದಿನಿಂದ ಕಂದು ನೀರಿನ ಎಳೆ ಇಳಿದಿತ್ತು. ಇಂಧನ ಟ್ಯಾಂಕ್ ಅಡ್ಡವಿದ್ದ ಕಾರಣ ಅಲ್ಲಿ ವ್ಯಾಕ್ಸನ್ನು ಒಂದೇ ಮಗ್ಗುಲಿನಿಂದ ಹಾಯಿಸಿದ್ದರು, ಕೆಳಗೆ ಜಿನುಗಿದ್ದನ್ನು ಯಾರೂ ನೋಡಿರಲಿಲ್ಲ. ಟ್ಯಾಂಕ್ ಇಳಿಸಿ, ಬಿರುಕಿದ ಬಣ್ಣವನ್ನು ಗೆರೆಯುದ್ದಕ್ಕೂ ಕತ್ತರಿಸಿ ಬಾಯಿ ಬಿಡಿಸಿ, ಬಿಸಿ ಮಾಡಿ ಎರಡೂ ಕಡೆಯಿಂದ ವ್ಯಾಕ್ಸ್ ಹಾಕಿದ ಮೇಲೆ ಎಳೆ ನಿಂತಿತು. ಟ್ಯಾಂಕ್ ಕೂರಿಸುವ ಮೊದಲೇ ವ್ಯಾಕ್ಸ್ ಹಾಕಬೇಕಿತ್ತು.

ತುಕ್ಕಿಗೆ ಸಂಬಂಧವಿಲ್ಲದ, ಆದರೆ ಲೇಪನದಿಂದಲೇ ಹುಟ್ಟಿದ ಎರಡು ತೊಂದರೆಗಳನ್ನೂ ದಾಖಲಿಸಬೇಕು. ಸ್ಪ್ರಿಂಗ್ ಹ್ಯಾಂಗರ್‌ಗಳು ಕೂರುವ ಮುಖಗಳಿಗೂ ಪೂರ್ತಿ 200 ಮೈಕ್ರಾನ್ ಬಿದ್ದಿತ್ತು. ಭಾರಕ್ಕೆ ಆ ಬಣ್ಣ ನಿಧಾನವಾಗಿ ಹಿಸುಕಿ ತೆಳುವಾಯಿತು, ಬೋಲ್ಟ್‌ನ ಬಿಗಿತ ಇಳಿಯಿತು. ಮೊದಲ 500 ಕಿ.ಮೀ. ಮುಗಿಯುವಷ್ಟರಲ್ಲಿ ನಾಲ್ಕು ಬೋಲ್ಟ್ ಸಡಿಲ. ಬಿಗಿದು ಹಿಡಿಯುವ ಮುಖಗಳಿಗೆ ಒಂದೇ ತೆಳು ಪ್ರೈಮರ್ ಸಾಕು, ಉಳಿದದ್ದನ್ನು ಮಾಸ್ಕಿಂಗ್ ಟೇಪ್ ತಡೆಯಬೇಕು. ಆಮೇಲೂ 500 ಕಿ.ಮೀ.ಗೆ ಟಾರ್ಕ್ ನೋಡಲೇಬೇಕು. ಇನ್ನೊಂದು ಅರ್ಥಿಂಗ್. ಎಪಾಕ್ಸಿ ವಿದ್ಯುತ್ ಹಾಯಿಸುವುದಿಲ್ಲ, ಹಾಗಾಗಿ ಹಿಂದಿನ ದೀಪಗಳು ಮಿಣುಕುತ್ತಿದ್ದವು. ಅರ್ಥ್ ಬೋಲ್ಟ್ ಕೂರುವ ಜಾಗವನ್ನು ಬರಿ ಉಕ್ಕು ಕಾಣುವಂತೆ ಕೆರೆದು, ತಂತಿ ಬಿಗಿದು, ಮೇಲೆ ಗ್ರೀಸು ಮೆತ್ತಿದಾಗ ಸರಿಹೋಯಿತು.

ಇದೇ ಉತ್ತರ ಎಲ್ಲ ಚಾಸಿಗೂ ಹೊಂದುವುದಿಲ್ಲ. ಎಲ್ಲ ರಿವೆಟ್ ಬಿಚ್ಚಿ ಪ್ರತಿ ತುಂಡನ್ನೂ ಬೇರೆಯಾಗಿ ಬ್ಲಾಸ್ಟ್ ಮಾಡುವ ಅವಕಾಶವಿದ್ದರೆ ಪೂರ್ತಿ ಜಿಂಕ್ ರಿಚ್ ಪ್ರೈಮರ್, ಅದರ ಮೇಲೆ ಎಪಾಕ್ಸಿ ಇನ್ನೂ ಬಲವಾದ ಆಯ್ಕೆ. ಬ್ಲಾಸ್ಟಿಂಗ್ ಸಾಧ್ಯವೇ ಇಲ್ಲ, ಕೈಯಲ್ಲೇ ಕೆರೆಯಬೇಕು ಎನ್ನುವಲ್ಲಿ ತೇವದಿಂದ ಗಟ್ಟಿಯಾಗುವ ಯೂರಿಥೇನ್ ಸರಿ; ಆದರೆ ಒರಟು ತುಕ್ಕಿನ ಮೇಲೆ ಮಾತ್ರ, ಹೊಳೆಯುವ ಜಾಗವನ್ನು 80 ನಂಬರ್ ಎಮೆರಿಯಿಂದ ಗೀರಿದ ಮೇಲೆ. ಚಾಸಿಯನ್ನು ಬಾಡಿಯಿಂದ ಬೇರ್ಪಡಿಸದೆಯೇ ಕಾಪಾಡಬೇಕಾದರೆ ಗಟ್ಟಿ ಬಣ್ಣಗಳ ಗೋಜಿಗೆ ಹೋಗದೆ, ಸಡಿಲ ತುಕ್ಕು ಕೆರೆದು, ಒಣಗಿಸಿ, ಪ್ರತಿ ಮಳೆಗಾಲಕ್ಕೆ ಮೊದಲು ವ್ಯಾಕ್ಸ್ ಹಾಯಿಸುವುದೇ ಮೇಲು. ಈ ಲಾರಿಗೂ ಬಿಚ್ಚದ ಮೂರು ಕ್ರಾಸ್ ಮೆಂಬರ್‌ಗಳ ಸಂದುಗಳಿಗೆ ವರ್ಷಕ್ಕೊಮ್ಮೆ ವ್ಯಾಕ್ಸ್ ಹಾಕುವುದೆಂದು ನಿಗದಿಯಾಗಿದೆ. ಪ್ರತಿ ಸಂದಿನ ಕೆಳ ಅಂಚಿನಿಂದ ಅದು ಜಿನುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಆ ಸಂದಿನ ಮುಂದೆ ಗುರುತು ಬೀಳುತ್ತದೆ.